ಕೊನೆಯ ಹತ್ತು ಹೆಜ್ಜೆ

ಅಮೆರಿಕದ ವಾಯವ್ಯ ಮೂಲೆಯ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರದಿಂದ ಆಗ್ನೇಯಕ್ಕೆ, ಬೀವರ್‌ಕ್ರೀಕ್ ಎಂಬ ಸಣ್ಣ ಊರಿದೆ. ಆ ಊರಿನ ಹೊರವಲಯದಲ್ಲಿ ಕಾಡಿನ ಅಂಚಿನ ರಸ್ತೆಯ ಬದಿಗೆ ಒಂದು ಚಿಕ್ಕ ಫಲಕವಿದೆ. ಅಲ್ಲಿ ಕೋಟೆಯಿಲ್ಲ, ಜಲಪಾತವಿಲ್ಲ, ಯುದ್ಧ ನಡೆದ ಕುರುಹೂ ಇಲ್ಲ. ಆದರೂ ಲೋಕದ ನಾನಾ ಭಾಗಗಳಿಂದ ಜನ ಹುಡುಕಿಕೊಂಡು ಬಂದು, ಫಲಕದ ಮುಂದೆ ನಿಂತು, ಪಟ ತೆಗೆಸಿಕೊಂಡು ಹೋಗುತ್ತಾರೆ. 2000ನೆಯ ಇಸವಿಯ ಮೇ 3ರಂದು ಡೇವ್ ಅಲ್ಮರ್ ಎಂಬವರು ಆ ಜಾಗದಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಾಲ್ದಿಯನ್ನು ಅರ್ಧ ಹೂತಿಟ್ಟಿದ್ದರು ಎನ್ನುವುದೇ ಅಲ್ಲಿನ ಸ್ಥಳಪುರಾಣ.

ಬಾಲ್ದಿಯೊಳಗೆ ಇದ್ದ ವಸ್ತುಗಳಿಗೂ ಹೆಚ್ಚಿನ ಬೆಲೆಯೇನಿರಲಿಲ್ಲ. ಕೆಲವು ಪುಸ್ತಕ, ವಿಡಿಯೊ ಕ್ಯಾಸೆಟ್, ಭೂಪಟದ ಸಿ.ಡಿ., ಸ್ವಲ್ಪ ಹಣ, ಒಂದು ಕವಣೆ, ಒಂದು ಡಬ್ಬಿ ಬೇಯಿಸಿದ ಅವರೆಕಾಳು; ಜತೆಗೆ ಒಂದು ನೋಟುಪುಸ್ತಕ, ಒಂದು ಪೆನ್ಸಿಲು. ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಲ್ಮರ್ ಅಂತರಜಾಲದ ಒಂದು ಚರ್ಚಾಬಳಗಕ್ಕೆ ಬರೆದು ತಿಳಿಸಿದರು: ಉತ್ತರ 45 ಡಿಗ್ರಿ 17.460 ಮಿನಿಟು, ಪಶ್ಚಿಮ 122 ಡಿಗ್ರಿ 24.800 ಮಿನಿಟು. ಕಂಡುಹಿಡಿದವರು ಬೇಕಾದುದನ್ನು ತೆಗೆದುಕೊಳ್ಳಬಹುದು, ಬದಲಿಗೆ ತಮ್ಮದೇನಾದರೂ ಇಡಬೇಕು, ಪುಸ್ತಕದಲ್ಲಿ ಹೆಸರು ಬರೆಯಬೇಕು. ಇಷ್ಟೇ ಆಟದ ನಿಯಮ. ಮೂರು ದಿನಗಳೊಳಗೆ ಇಬ್ಬರು ಅದನ್ನು ಹುಡುಕಿದ್ದರು. ಆ ಪುಸ್ತಕದಲ್ಲಿ ಮೊದಲು ಹೆಸರು ಬರೆದವರು ನೆರೆಯ ವಾಷಿಂಗ್ಟನ್ ರಾಜ್ಯದ ಮೈಕ್ ಟೀಗ್.

ಮೇ ಮೂರನೆಯ ತಾರೀಕೇ ಏಕೆ? ಅದಕ್ಕೊಂದು ಕಾರಣವಿದೆ. ಉಪಗ್ರಹಗಳ ಸಂಕೇತ ಹಿಡಿದು ಭೂಮಿಯ ಮೇಲಿನ ಸ್ಥಾನವನ್ನು ತಿಳಿಸುವ ಜಿಪಿಎಸ್ ಅಮೆರಿಕದ ಸೇನೆಗಾಗಿ ಹುಟ್ಟಿದ ವ್ಯವಸ್ಥೆ. ಜನಸಾಮಾನ್ಯರಿಗೆ ದೊರೆಯುವ ಸಂಕೇತದಲ್ಲಿ ಅದುವರೆಗೆ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. ಉಪಕರಣ ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ಅಂತರ ಬರಬಹುದಿತ್ತು. ನೂರು ಮೀಟರೆಂದರೆ ಒಂದು ಅಡಿಕೆ ತೋಟದ ಈ ಕೊನೆಯಿಂದ ಆ ಕೊನೆ. ಅಷ್ಟು ಜಾಗದಲ್ಲಿ ಬಾಲ್ದಿ ಹುಡುಕುವುದು ಆಗದ ಮಾತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆಜ್ಞೆಯಂತೆ 2000ದ ಮೇ 1ರ ನಡುರಾತ್ರಿ ಕಳೆದೊಡನೆ ಆ ಬೆರಕೆ ನಿಂತಿತು. ಮರುದಿನ ಬೆಳಗ್ಗೆ ಅದೇ ಉಪಕರಣಗಳು ಇಪ್ಪತ್ತು ಮೀಟರಿನೊಳಗೆ ಸ್ಥಾನ ತೋರಿಸತೊಡಗಿದವು. ಅದನ್ನು ಪರೀಕ್ಷಿಸಲು ಹೊಳೆದ ಉಪಾಯವೇ ಅಲ್ಮರ್ ಅವರ ಬಾಲ್ದಿ.

ಆಟಕ್ಕೆ ಜಿಯೋಕ್ಯಾಶಿಂಗ್ ಎಂಬ ಹೆಸರು ಬಂದುದು ಅದೇ ತಿಂಗಳ ಕೊನೆಗೆ. ಮ್ಯಾಟ್ ಸ್ಟಮ್ ಎಂಬವರು ಸೂಚಿಸಿದ ಹೆಸರದು. 'ಜಿಯೋ' ಎಂದರೆ ಭೂಮಿ. 'ಕ್ಯಾಶ್' ಇಲ್ಲಿ ಹಣವಲ್ಲ. ಬಚ್ಚಿಡು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಮಾತು. ಉತ್ತರ ಅಮೆರಿಕದ ಕಾಡುಗಳಲ್ಲಿ ತಿರುಗುತ್ತಿದ್ದ ಫ್ರೆಂಚ್ ಬೇಟೆಗಾರರು ಮರಳುವ ದಾರಿಗೆಂದು ಅಲ್ಲಲ್ಲಿ ಹುಗಿದಿಡುತ್ತಿದ್ದ ದಿನಸಿಗೆ ಆ ಹೆಸರಿತ್ತು. ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಷ್ ಎಂಬ ತರುಣ ಸಿಯಾಟಲ್ ಕಡೆಯಿಂದ ಈ ಆಟಕ್ಕೆಂದೇ ಒಂದು ಜಾಲತಾಣ ತೆರೆದಾಗ ಜಗತ್ತಿನಲ್ಲಿದ್ದ ಒಟ್ಟು ಪೆಟ್ಟಿಗೆಗಳು 75. ಈಗ ಅವು ಮೂವತ್ತು ಲಕ್ಷವನ್ನು ಮೀರಿವೆ. ಅಂಟಾರ್ಕ್ಟಿಕಾವನ್ನೂ ಸೇರಿಸಿ ಏಳು ಖಂಡಗಳಲ್ಲಿವೆ. ಭಾರತದಲ್ಲಿಯೂ ಇವೆ, ಆದರೆ ವಿರಳ.

ಇದಕ್ಕೊಬ್ಬ ಹಿರಿಯಣ್ಣನಿದ್ದಾನೆ ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬಯಲುಗುಡ್ಡಗಳ ನಾಡಿನಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗ 1854ರಲ್ಲಿ ಕ್ರ್ಯಾನ್‌ಮಿಯರ್ ಎಂಬ ದುರ್ಗಮವಾದ ಕೊಳದ ಬಳಿ ಒಂದು ಸೀಸೆ ಇಟ್ಟಿದ್ದ. ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕುತ್ತಿದ್ದರು. ಮುಂದೆ ಅದು ರಬ್ಬರು ಮೊಹರು, ಶಾಯಿ, ಪುಸ್ತಕಗಳ ಆಟವಾಗಿ ಬೆಳೆಯಿತು. ದಿಕ್ಸೂಚಿಯೂ ಕಾಲಬಲವೂ ಸಾಕಾಗಿದ್ದ ಕಾಲ.

ಮುಂಜಾನೆಯ ಕಾಡಿನೊಳಗೆ

ಆರೆಗಾನಿನ ಕಾಡು ಒದ್ದೆಯ ಕಾಡು. ಅರುವತ್ತು ಮೀಟರ್ ಮೀರಿ ಬೆಳೆಯುವ ಡಗ್ಲಸ್ ಫರ್ ಮರಗಳು, ಅವುಗಳ ಬುಡದಲ್ಲಿ ಸೊಂಟದೆತ್ತರದ ಜರೀಗಿಡಗಳು, ಬಿದ್ದ ಮರಗಳನ್ನೆಲ್ಲ ಹೊದಿಸಿಕೊಂಡ ಹಸುರು ಪಾಚಿ. ರಜಾದಿನದ ಮುಂಜಾನೆ ಇಂಥ ಕಾಡಿಗೆ ಹೊರಡುವ ಕುಟುಂಬದ ಚೀಲದಲ್ಲಿ ಹೆಚ್ಚಿನದೇನೂ ಇರುವುದಿಲ್ಲ: ಒಂದು ಮೊಬೈಲು ಅಥವಾ ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣ, ನೀರು, ಲೇಖನಿ, ಬದಲಿಗೆ ಇಡಲು ಗೋಲಿಯೋ ಗುಂಡಿಯೋ ಪುಟ್ಟ ಗೊಂಬೆಯೋ. ಬೇಗ ಹೊರಡುವುದಕ್ಕೆ ಕಾರಣವಿದೆ. ಹೊತ್ತೇರಿದ ಮೇಲೆ ಕಾಲುದಾರಿಯಲ್ಲಿ ಜನ ಹೆಚ್ಚುತ್ತಾರೆ. ಗುಟ್ಟು ತಿಳಿಯದವರ ಕಣ್ಣೆದುರು ಪೆಟ್ಟಿಗೆ ತೆಗೆದರೆ ಮರುದಿನ ಅದು ಅಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಹ್ಯಾರಿ ಪಾಟರ್ ಕತೆಗಳಲ್ಲಿ ಮಂತ್ರವಿದ್ಯೆ ಅರಿಯದವರನ್ನು ಕರೆಯುವ 'ಮಗಲ್' ಎಂಬ ಹೆಸರನ್ನೇ ಈ ಆಟದವರು ಅಂಥವರಿಗೆ ಇಟ್ಟಿದ್ದಾರೆ. ಮುಂಜಾನೆ ಹುಲ್ಲಿನ ಮೇಲೆ ಇಬ್ಬನಿಯಿರುವುದರಿಂದ ತಮಗಿಂತ ಮೊದಲು ಯಾರಾದರೂ ಬಂದು ಹೋದರೇ ಎಂಬುದೂ ನೆಲ ನೋಡಿದರೆ ತಿಳಿಯುತ್ತದೆ.

ಪ್ರತಿಯೊಂದು ಪೆಟ್ಟಿಗೆಗೂ ಒಂದು ಪುಟವಿರುತ್ತದೆ. ಇಟ್ಟವರು ಕೊಟ್ಟ ಹೆಸರು, ಜಾಗದ ಅಂಕೆಗಳು, ಪೆಟ್ಟಿಗೆಯ ಗಾತ್ರ, ಆ ಜಾಗದ ವಿಚಾರವಾಗಿ ನಾಲ್ಕು ಮಾತು, ಒಂದು ಸುಳಿವು. ಜತೆಗೆ ಎರಡು ಅಂಕಗಳು, ಒಂದರಿಂದ ಐದರವರೆಗೆ: ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೊಂದು, ದಾರಿ ಎಷ್ಟು ಕಷ್ಟ ಎಂಬುದಕ್ಕೊಂದು. ದಾರಿಯ ಅಂಕ ಒಂದು ಎಂದಿದ್ದರೆ ಗಾಲಿಕುರ್ಚಿಯಲ್ಲಿಯೂ ಅಲ್ಲಿಗೆ ತಲುಪಬಹುದೆಂದರ್ಥ. ಆಟ ಆಡುವವರೇ ಕಟ್ಟಿಕೊಂಡ ನಿಯಮಗಳಲ್ಲಿ ಮೆಚ್ಚಬೇಕಾದುದು ಇದು.

ಮೊದಲ ಅರ್ಧ ಗಂಟೆ ಎಲ್ಲವೂ ಸುಲಭ. ಪರದೆಯ ಮೇಲಿನ ಬಾಣ ದಿಕ್ಕು ತೋರಿಸುತ್ತದೆ, ದೂರ ಕಡಿಮೆಯಾಗುತ್ತ ಬರುತ್ತದೆ. ನಾನೂರು ಮೀಟರ್, ಇನ್ನೂರು, ಎಂಬತ್ತು, ಮೂವತ್ತು. ಮಕ್ಕಳು ಓಡತೊಡಗುತ್ತಾರೆ. ಆಮೇಲೆ ಬಾಣಕ್ಕೆ ತಲೆ ತಿರುಗುತ್ತದೆ. ಎಂಟು ಮೀಟರ್ ಇದ್ದುದು ಎರಡು ಹೆಜ್ಜೆ ಮುಂದಿಟ್ಟರೆ ಹದಿನಾಲ್ಕಾಗುತ್ತದೆ, ಹಿಂದೆ ಬಂದರೆ ಹನ್ನೊಂದು. ಬಟ್ಟಬಯಲಿನಲ್ಲಿ ಇಂದಿನ ಮೊಬೈಲುಗಳು ಐದು ಮೀಟರಿನಷ್ಟು ಹತ್ತಿರಕ್ಕೆ ಸ್ಥಾನ ತಿಳಿಸಬಲ್ಲವು. ಕಾಡಿನಲ್ಲಿ ಹಾಗಲ್ಲ. ಒದ್ದೆಯ ಎಲೆಗಳು ಸಂಕೇತವನ್ನು ಹೀರಿಕೊಳ್ಳುತ್ತವೆ. ಮರದ ಕಾಂಡಗಳಿಗೂ ಬಂಡೆಗಳಿಗೂ ತಾಗಿ ಮರಳಿ ಬಂದ ಸಂಕೇತ ಸುತ್ತುದಾರಿ ಹಿಡಿದುದರಿಂದ ತಡವಾಗಿ ತಲುಪಿ ಲೆಕ್ಕ ತಪ್ಪಿಸುತ್ತದೆ.

ಅನುಭವಿಗಳು ಇಲ್ಲಿಗೆ ಬಂದೊಡನೆ ಮೊಬೈಲನ್ನು ಜೇಬಿಗೆ ಹಾಕಿ ಸುಮ್ಮನೆ ನಿಲ್ಲುತ್ತಾರೆ. ಆಟ ನಿಜವಾಗಿ ಆರಂಭವಾಗುವುದು ಆಗಲೇ. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳು ಹತ್ತು ಹೆಜ್ಜೆಯ ಹತ್ತಿರಕ್ಕೆ ತಂದು ಬಿಟ್ಟಿವೆ. ಆ ಹತ್ತು ಹೆಜ್ಜೆಗಳನ್ನು ಕಣ್ಣೇ ನಡೆಯಬೇಕು. ಕಾಡು ತಾನಾಗಿ ಮಾಡದ ಕೆಲಸ ಯಾವುದು ಎಂಬುದೊಂದೇ ಪ್ರಶ್ನೆ. ಬಿದ್ದ ಕಡ್ಡಿಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಒಂದೇ ಉದ್ದದ ಆರು ಕಡ್ಡಿಗಳು ಒಂದರ ಪಕ್ಕ ಒಂದು ಒರಗಿದ್ದರೆ ಅದು ಮನುಷ್ಯನ ಕೈ. ಪಾಚಿ ಕಲ್ಲಿನ ಮೇಲೆ ಬೆಳೆಯುತ್ತದೆ, ಅಡಿಯಲ್ಲಲ್ಲ. ಪಾಚಿಯ ಮೈ ನೆಲಕ್ಕೂ ಮಣ್ಣಿನ ಮೈ ಆಕಾಶಕ್ಕೂ ಇದ್ದರೆ ಯಾರೋ ಮಗುಚಿದ್ದಾರೆ. ಟೊಳ್ಳು ಮರದ ಬಾಯಿಗೆ ಬೇರೆ ಜಾತಿಯ ಮರದ ತೊಗಟೆ ಮುಚ್ಚಿರಬಹುದು. ಇಂಥವನ್ನು ದೊಡ್ಡವರಿಗಿಂತ ಮೊದಲು ಕಾಣುವವರು ಮಕ್ಕಳು. ಅವರ ಕಣ್ಣು ನೆಲಕ್ಕೆ ಹತ್ತಿರ.

ಆ ಕಾಡುಗಳಲ್ಲಿ ಪೆಟ್ಟಿಗೆ ಅಡಗಿಸಲು ಹೇಳಿ ಮಾಡಿಸಿದ ಜಾಗವೆಂದರೆ ಹಳೆಯ ಕಾಲದಲ್ಲಿ ಕಡಿದ ದೈತ್ಯ ಮರಗಳ ಕುತ್ತಿಗಳು. ಅವುಗಳಲ್ಲಿ ಎದೆಯೆತ್ತರಕ್ಕೆ ಎರಡು ಗೂಡುಗಳಂಥ ಕಚ್ಚು ಕಾಣುತ್ತದೆ, ಒಂದು ಮುಖದ ಕಣ್ಣುಗಳ ಹಾಗೆ. ಮರದ ಬುಡ ತೀರ ದಪ್ಪವಿರುತ್ತಿದ್ದುದರಿಂದ ಕಡಿಯುವವರು ಕಚ್ಚು ಮಾಡಿ, ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು ಗರಗಸ ಎಳೆಯುತ್ತಿದ್ದರು. ಪೆಟ್ಟಿಗೆ ಹುಡುಕಲು ಬಂದ ಹುಡುಗ ಆ ಕಚ್ಚಿನಲ್ಲಿ ಕೈಯಿಟ್ಟು ಇದೇನೆಂದು ಕೇಳುತ್ತಾನೆ. ಅಲ್ಲಿ ಒಮ್ಮೆ ಎಂಥ ಕಾಡಿತ್ತು, ಅದು ಎಲ್ಲಿಗೆ ಹೋಯಿತು ಎಂಬ ಮಾತು ಹಾಗೆ ಹೊರಡುತ್ತದೆ. ಕಾಲುದಾರಿಯಲ್ಲಿ ನೇರ ನಡೆದು ಹೋಗುವವರು ಆ ಕುತ್ತಿಯ ಪಕ್ಕದಲ್ಲೇ ಹೋದರೂ ಕಾಣುವುದಿಲ್ಲ.

ಪೆಟ್ಟಿಗೆ ಸಿಕ್ಕಿದಾಗ ಗದ್ದಲ ಮಾಡುವುದಿಲ್ಲ. ಅದು ಸೇನೆಯ ಹಳೆಯ ಮದ್ದುಗುಂಡಿನ ಡಬ್ಬಿಯಾಗಿರಬಹುದು, ಊಟದ ಡಬ್ಬಿಯಾಗಿರಬಹುದು, ಕಿರುಬೆರಳಿನಷ್ಟಿರುವ ಕೊಳವೆಯೂ ಆಗಿರಬಹುದು. ಒಳಗೆ ಸುರುಳಿ ಸುತ್ತಿದ ಕಾಗದ ಅಥವಾ ಪುಸ್ತಕ. ಅದರಲ್ಲಿ ದಿನಾಂಕ, ಹೆಸರು. ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯ ಅಥವಾ ಹೆಚ್ಚಿನ ಬೆಲೆಯ ವಸ್ತು ಇಡಬೇಕು. ತಿನ್ನುವ ವಸ್ತು ಇಡಬಾರದು, ವಾಸನೆ ಹಿಡಿದು ಪ್ರಾಣಿಗಳು ಒಡೆಯುತ್ತವೆ. ನೆಲ ಅಗೆದು ಹೂಳಬಾರದು. ಅಲ್ಮರ್ ಇಟ್ಟ ಆ ಮೊದಲ ಬಾಲ್ದಿ, ಅರ್ಧ ಹೂತದ್ದು ಮತ್ತು ಅವರೆಕಾಳಿನ ಡಬ್ಬಿಯಿದ್ದದ್ದು, ಇಂದಿನ ನಿಯಮಗಳಂತೆ ಒಪ್ಪಿಗೆಯಾಗುತ್ತಿರಲಿಲ್ಲ! ಆ ಡಬ್ಬಿಯನ್ನು ಮಾತ್ರ ಆಟದವರು ಇಂದಿಗೂ ಜೋಪಾನವಾಗಿಟ್ಟಿದ್ದಾರೆ.

ಕೆಲವು ಪೆಟ್ಟಿಗೆಗಳಲ್ಲಿ ಅಂಕೆ ಕೊರೆದ ಲೋಹದ ಬಿಲ್ಲೆ ಸಿಗುತ್ತದೆ. ಅದನ್ನು ಇಟ್ಟುಕೊಳ್ಳುವಂತಿಲ್ಲ, ಇನ್ನೊಂದು ಪೆಟ್ಟಿಗೆಗೆ ಸಾಗಿಸಬೇಕು. ಹಾಗೆ ಅಪರಿಚಿತರ ಜೇಬಿನಿಂದ ಜೇಬಿಗೆ ದಾಟುತ್ತ ಬಿಲ್ಲೆ ಸಮುದ್ರಗಳಾಚೆ ಹೋಗುತ್ತದೆ, ಅದರ ಪಯಣವನ್ನು ಕಳಿಸಿದವರು ಮನೆಯಲ್ಲಿ ಕುಳಿತು ನೋಡುತ್ತಾರೆ. ಮಂಗಳ ಗ್ರಹದ ಮೇಲೆ 2021ರಲ್ಲಿ ಇಳಿದ ಪರ್ಸೆವೆರೆನ್ಸ್ ಬಂಡಿಯಲ್ಲಿಯೂ ಅಂಥ ಒಂದು ಅಂಕೆಯಿದೆ ಎಂದರೆ ಮಕ್ಕಳಿಗೆ ಖುಷಿಯಾದೀತು.

ಸಿಗಲಿಲ್ಲ ಎಂದು ಬರೆಯುವುದು

ಎಲ್ಲ ಮುಂಜಾನೆಗಳೂ ಹೀಗೆ ಮುಗಿಯುವುದಿಲ್ಲ. ಒಂದು ಗಂಟೆ ಹುಡುಕಿ, ಬಟ್ಟೆ ಒದ್ದೆ ಮಾಡಿಕೊಂಡು, ಕೈ ಪರಚಿಕೊಂಡು ಬರಿಗೈಯಲ್ಲಿ ಮರಳುವುದೂ ಉಂಟು. ಆಗ ಮಾಡಬೇಕಾದ ಕೆಲಸವೊಂದಿದೆ: ಆ ಪೆಟ್ಟಿಗೆಯ ಪುಟದಲ್ಲಿ 'ಸಿಗಲಿಲ್ಲ' ಎಂದು ದಾಖಲಿಸುವುದು. ಹೊಸಬರು ನಾಚಿ ಬರೆಯದೆ ಬಿಡುತ್ತಾರೆ. ಆದರೆ ಆಟ ಉಳಿದಿರುವುದೇ ಆ ಬರಹದಿಂದ. ಒಬ್ಬರಿಗೆ ಸಿಗದಿದ್ದರೆ ಅವರ ಕಣ್ಣಿನ ದೋಷವಿರಬಹುದು. ಸಾಲಾಗಿ ನಾಲ್ಕು ಮಂದಿ ಸಿಗಲಿಲ್ಲವೆಂದು ಬರೆದರೆ ಇಟ್ಟವರು ಹೋಗಿ ನೋಡುತ್ತಾರೆ. ಮಳೆಗೆ ಕೊಚ್ಚಿಹೋಗಿರಬಹುದು, ಮರವೇ ಬಿದ್ದಿರಬಹುದು, ಯಾರೋ ಒಯ್ದಿರಬಹುದು. ಸೋತೆನೆಂದು ಬರೆದ ಒಂದು ಸಾಲು ಮುಂದೆ ಬರುವವರ ಒಂದು ಬೆಳಗನ್ನು ಉಳಿಸುತ್ತದೆ. ಶಾಲೆಯಲ್ಲಿ ತಪ್ಪು ಉತ್ತರಕ್ಕೆ ಕೆಂಪು ಗೀಟು ಮಾತ್ರ ಕಂಡು ಬೆಳೆದ ಮಕ್ಕಳಿಗೆ ಇದು ಹೊಸ ಸಂಗತಿ.

ಕಾವಲಿಲ್ಲ, ಬೀಗವಿಲ್ಲ, ಪಾರಿತೋಷಕವಿಲ್ಲ. ಹೀಗಿದ್ದೂ ಅಮೆರಿಕದ ಕ್ಯಾನ್ಸಸ್ ರಾಜ್ಯದ ಮಿಂಗೊ ಎಂಬಲ್ಲಿ 2000ದ ಮೇ 11ರಂದು ಇಟ್ಟ ಪೆಟ್ಟಿಗೆಯ ಆಟ ಇಂದಿಗೂ ನಡೆದಿದೆ. ಈಗ ಚಾಲ್ತಿಯಲ್ಲಿರುವವುಗಳಲ್ಲಿ ಅತಿ ಹಳೆಯದು ಅದೇ. ಇನ್ನೊಂದು ಕಡೆ ಆಟದ ಕೆಡುಕುಗಳೂ ಇವೆ. ಒಂದೇ ಮರದ ಬುಡಕ್ಕೆ ನೂರಾರು ಜನ ನಡೆದರೆ ಜರೀಗಿಡಗಳ ನಡುವೆ ಹೊಸ ಕಾಲುದಾರಿ ಬೀಳುತ್ತದೆ, ಪಾಚಿ ಸಾಯುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಪೆಟ್ಟಿಗೆ ಇಡುವಂತಿಲ್ಲ. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಪೇಟೆಯ ಬೀದಿಯಲ್ಲಿ ಅಡಗಿಸಿದ ಪೆಟ್ಟಿಗೆಯನ್ನು ಸ್ಫೋಟಕವೆಂದು ಶಂಕಿಸಿ ಬೀದಿ ತೆರವು ಮಾಡಿಸಿದ ಪ್ರಸಂಗಗಳಾಗಿವೆ. ಪ್ರಾಯಶ್ಚಿತ್ತವೋ ಎಂಬಂತೆ 2002ರಿಂದ ಆಟದವರು ಕಾಡಿಗೆ ಹೋದವರು ಅಲ್ಲಿನ ಕಸವನ್ನು ಹೆಕ್ಕಿ ತರುವ ಪದ್ಧತಿ ಹಾಕಿಕೊಂಡಿದ್ದಾರೆ.

ಕೆಡುಕಿಗೆ ಎಲ್ಲಕ್ಕಿಂತ ಒಳ್ಳೆಯ ಉತ್ತರ 2004ರಲ್ಲಿ ಬಂತು. ಅಮೆರಿಕದ ಭೂವಿಜ್ಞಾನ ಸಂಘದ ನೆರವಿನಿಂದ ಪೆಟ್ಟಿಗೆಯೇ ಇಲ್ಲದ ಆಟ ಶುರುವಾಯಿತು. ಅದರ ಹೆಸರು ಅರ್ತ್‌ಕ್ಯಾಶ್. ಅಂಕೆ ಹಿಡಿದು ಹೋದರೆ ಅಲ್ಲಿ ಸಿಗುವುದು ಒಂದು ಬಂಡೆ, ಒಂದು ಕೊರಕಲು, ಒಂದು ಬುಗ್ಗೆ. ಇಟ್ಟವರು ಕೇಳಿದ ಪ್ರಶ್ನೆಗೆ, ಅಲ್ಲಿಗೆ ಹೋಗಿ ನೋಡದೆ ಹೇಳಲಾಗದಂಥ ಉತ್ತರವನ್ನು, ಬರೆದು ಕಳುಹಿಸಬೇಕು. ಬಂಡೆಯ ಪದರಗಳೆಷ್ಟು? ಮೇಲಿನದಕ್ಕೂ ಕೆಳಗಿನದಕ್ಕೂ ಬಣ್ಣವೇಕೆ ಬೇರೆ? ಕಾಡಿಗೆ ಏನನ್ನೂ ಒಯ್ಯಬೇಕಾಗಿಲ್ಲ, ಕಾಡಿನಿಂದ ಏನನ್ನೂ ತರಬೇಕಾಗಿಲ್ಲ.

ಗಡಿನಾಡಿನ ಗುಡ್ಡೆಗಳಲ್ಲಿ

ಪೆಟ್ಟಿಗೆಯಿಲ್ಲದ ಈ ಆಟವೇ ಕಾಸರಗೋಡಿನಂಥ ಗಡಿನಾಡಿಗೆ ಒಗ್ಗುವುದು. ಪೆಟ್ಟಿಗೆ ಇಡಲು ಇಲ್ಲಿ ತೊಡಕುಗಳು ಬಹಳ. ರಕ್ಷಿತಾರಣ್ಯದೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ನಾಗಬನಗಳಲ್ಲಿ ಒಂದು ಕಡ್ಡಿಯನ್ನೂ ಅಲುಗಿಸಬಾರದು. ಬಸ್ ನಿಲ್ದಾಣದ ಬಳಿ, ಪೂಜಾಸ್ಥಳದ ಬಳಿ ಅನಾಥ ಡಬ್ಬಿ ಕಂಡರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಕಲ್ಲಿನ ಸಂದಿಗೆ ಕೈ ಹಾಕುವ ಅಭ್ಯಾಸವಂತೂ ಹಾವು ಚೇಳುಗಳ ಈ ನಾಡಿನಲ್ಲಿ ಮಕ್ಕಳಿಗೆ ಕಲಿಸತಕ್ಕದ್ದಲ್ಲ. ಪೊದೆಯಲ್ಲಿ ನಸುಗುನ್ನಿಯಿದ್ದರೆ ಆ ದಿನದ ಆಟ ಅಲ್ಲಿಗೇ ಮುಗಿಯಿತು.

ನೋಡಿ ಬರುವುದಕ್ಕೆ ಮಾತ್ರ ಕೊರತೆಯಿಲ್ಲ. ಮಳೆಗಾಲದ ಕೊನೆಗೆ ಪದವುಗಳ ಕಪ್ಪುಕಲ್ಲಿನ ಹಾಸಿನ ಮೇಲೆ ನೀರು ಒಸರುವ ತೆಳು ಮಣ್ಣಿನಲ್ಲಿ ಬೆರಳುದ್ದದ ನೀಲಿ ಹೂಗಳು ಹಾಸಿಕೊಳ್ಳುತ್ತವೆ. ಅವುಗಳ ನಡುವೆ ಕೀಟಗಳನ್ನು ಅಂಟಿಸಿಕೊಂಡು ತಿನ್ನುವ ಕೆಂಪು ಎಲೆಯ ಪುಟ್ಟ ಗಿಡವೂ ಇರುತ್ತದೆ. ಗುಡ್ಡೆಯ ಒಡಲಿಗೆ ಅಡ್ಡಲಾಗಿ ಕೊರೆದು ನೀರು ಹರಿಸಿಕೊಂಡ ಸುರಂಗಗಳಿವೆ; ಹೊರಗೆ ನಿಂತೇ ನೋಡಬೇಕು. ಮುರಕಲ್ಲಿನ ಕೋರೆಯ ಗೋಡೆಯಿದೆ. ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲು ಕಂಡಂತೆ ಗಟ್ಟಿಯಾಗುವ ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನು ಜಗತ್ತಿಗೆ ಕೊಟ್ಟವನು ಫ್ರಾನ್ಸಿಸ್ ಬುಕನನ್. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿದ ಆತ ಅದನ್ನು ಗುರುತಿಸಿದ್ದು ಮಲಪ್ಪುರದ ಅಂಗಡಿಪುರದಲ್ಲಿ. 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಆ ಹೆಸರಿದೆ. ಕೋರೆಯ ಮುಂದೆ ನಿಂತ ಮಗುವಿಗೆ ಕೇಳಬಹುದಾದ ಪ್ರಶ್ನೆಗಳು ಎಷ್ಟಿಲ್ಲ?

ಅಂಕೆಗಳ ಲೆಕ್ಕವೂ ಏಳನೆಯ ತರಗತಿಯ ಮಗುವಿಗೆ ಎಟುಕುವಂಥದು. ಕಾಸರಗೋಡು ಪಟ್ಟಣ ಇರುವುದು ಸುಮಾರು ಉತ್ತರ 12 ಡಿಗ್ರಿ 30 ಮಿನಿಟು, ಪೂರ್ವ 74 ಡಿಗ್ರಿ 59 ಮಿನಿಟಿನಲ್ಲಿ. ಅಕ್ಷಾಂಶದ ಒಂದು ಮಿನಿಟೆಂದರೆ ನೆಲದ ಮೇಲೆ ಸುಮಾರು 1.84 ಕಿಲೋಮೀಟರ್, ಅದನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು 1.84 ಮೀಟರ್. ಅಲ್ಮರ್ ಕೊಟ್ಟ ಅಂಕೆಯಲ್ಲಿ ಬಿಂದುವಿನ ಮುಂದೆ ಮೂರು ಸ್ಥಾನಗಳಿರುವುದು ಈ ಕಾರಣಕ್ಕೆ. ರೇಖಾಂಶದ ಮಿನಿಟು ಹಾಗಲ್ಲ. ರೇಖಾಂಶಗಳೆಲ್ಲ ಧ್ರುವದಲ್ಲಿ ಕೂಡುವುದರಿಂದ ಉತ್ತರಕ್ಕೆ ಹೋದಂತೆ ಅದು ಸಣ್ಣದಾಗುತ್ತದೆ: ಕಾಸರಗೋಡಿನಲ್ಲಿ 1.81 ಕಿಲೋಮೀಟರ್ ಇದ್ದುದು ಬೀವರ್‌ಕ್ರೀಕಿನಲ್ಲಿ 1.31ಕ್ಕೆ ಇಳಿಯುತ್ತದೆ. ಉಪಗ್ರಹದ ಸಂಕೇತಕ್ಕೆ ಮೊಬೈಲಿನಲ್ಲಿ ರೇಂಜ್ ಬೇಕಾಗಿಲ್ಲ ಎಂಬುದನ್ನೂ ತಿಳಿದಿರಬೇಕು. ನಕ್ಷೆ ಇಳಿಸಿಕೊಳ್ಳುವುದಕ್ಕಷ್ಟೇ ಅಂತರಜಾಲ ಬೇಕು. ಮೊಬೈಲು ನಾಲ್ಕು ಉಪಗ್ರಹಗಳ ದನಿಯನ್ನು ಕೇಳಿದರೆ ಸಾಕು, ಪ್ರತಿಯೊಂದರ ಸಂಕೇತ ಎಷ್ಟು ಹೊತ್ತು ಹಿಡಿಯಿತೆಂದು ಎಣಿಸಿ ತನ್ನ ಜಾಗ ಲೆಕ್ಕ ಹಾಕುತ್ತದೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ಮುನ್ನೂರು ಮೀಟರ್ ತಪ್ಪು. ಭಾರತದ್ದೇ ಆದ ನಾವಿಕ್ ಉಪಗ್ರಹಗಳ ಕಾಲಗಣನೆಯನ್ನೂ ಲೆಕ್ಕಾಚಾರವನ್ನೂ ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿದೆ. ಈಚಿನ ಹಲವು ಮೊಬೈಲುಗಳು ಆ ಸಂಕೇತವನ್ನೂ ಹಿಡಿಯುತ್ತವೆ.

ಅಂಕೆಗೆ ಭಾಷೆಯಿಲ್ಲ. ಹೆಸರಿಗಿದೆ. ಗಡಿನಾಡಿನಲ್ಲಿ ಇದು ಸಣ್ಣ ಮಾತಲ್ಲ. ನಕ್ಷೆಯಲ್ಲಿ ಮಂಜೇಶ್ವರ ಮಂಜೇಶ್ವರಂ ಆಗಿ, ಕುಂಬಳೆ ಕುಂಬ್ಳ ಆಗಿ ಕಾಣುವುದು ಎಲ್ಲರಿಗೂ ಗೊತ್ತು; ದೊಡ್ಡ ಊರುಗಳಿಗಾದರೂ ಹೇಳುವವರು ಕೇಳುವವರು ಇದ್ದಾರೆ. ಅದಕ್ಕಿಂತ ಕೆಳಗಿನ ಹೆಸರುಗಳ ಗತಿಯೇನು? ಬೈಲಿನ ಮೇಲಿನ ಗುಡ್ಡೆಗೆ, ಎರಡು ತೋಡು ಕೂಡುವ ಜಾಗಕ್ಕೆ, ಬೇಸಗೆಯಲ್ಲೂ ಬತ್ತದ ಪಳ್ಳಕ್ಕೆ, ಮದಕಕ್ಕೆ, ಒಂಟಿ ಮರದ ಕಟ್ಟೆಗೆ ಅಜ್ಜ ಅಜ್ಜಿಯರ ಬಾಯಲ್ಲಿ ಒಂದೊಂದು ಹೆಸರಿದೆ. ಕೆಲವು ಕನ್ನಡ, ಕೆಲವು ತುಳು, ಕೆಲವು ಮಲೆಯಾಳ, ಎಷ್ಟೋ ಹೆಸರುಗಳು ಮೂರರ ಬೆರಕೆ. ಮೊಬೈಲಿನ ನಕ್ಷೆಯಲ್ಲಿ ಆ ಜಾಗಗಳು ಬರಿಯ ಹಸುರು. ಶಾಲೆಯ ವ್ಯಾನಿನಲ್ಲಿ ಹೋಗಿ ಬರುವ ಮಗುವಿಗೆ ರಸ್ತೆಯ ಹೆಸರು ಗೊತ್ತು, ರಸ್ತೆಯಿಂದ ನೂರು ಹೆಜ್ಜೆ ಆಚೆಗಿನ ಗುಡ್ಡೆಯ ಹೆಸರು ಗೊತ್ತಿಲ್ಲ. ಹೇಳುವ ಅಜ್ಜಿ ಹೋದ ದಿನ ಹೆಸರೂ ಹೋಗುತ್ತದೆ.

ಈ ಆಟದಲ್ಲಿ ಜಾಗವನ್ನು ಗುರುತಿಸಿದವರು ಅದಕ್ಕೊಂದು ಹೆಸರು ಕೊಡಲೇಬೇಕು, ಅದರ ವಿಚಾರ ನಾಲ್ಕು ಸಾಲು ಬರೆಯಲೇಬೇಕು. ಯಾವ ಲಿಪಿಯಲ್ಲಿ ಬರೆದರೂ ಆದೀತು. ಜಾಲತಾಣದ ಗೊಡವೆಯೇ ಬೇಡವೆನ್ನುವ ಮನೆಗಳಿಗೆ ಎರಡು ರೂಪಾಯಿಯ ಕಾಗದ ಸಾಕು. ಒಂದು ಮನೆಯ ಮಕ್ಕಳು ಅಜ್ಜನನ್ನು ಕರೆದುಕೊಂಡು ಹೋಗಿ ಐದು ಜಾಗಗಳ ಅಂಕೆ ಗುರುತು ಹಾಕಿಕೊಂಡು, ಅಜ್ಜ ಹೇಳಿದ ಹೆಸರನ್ನು ಅಜ್ಜ ಹೇಳಿದ ಹಾಗೆಯೇ ಬರೆದು, ಅಲ್ಲಿಗೆ ಹೋದವರಿಗೆ ಮಾತ್ರ ಗೊತ್ತಾಗುವ ಒಂದೊಂದು ಪ್ರಶ್ನೆ ಸೇರಿಸಿ, ಆ ಹಾಳೆಯನ್ನು ಇನ್ನೊಂದು ಮನೆಯ ಮಕ್ಕಳಿಗೆ ಕೊಡುವುದು. ಮುಂದಿನ ಆದಿತ್ಯವಾರ ಬೆಳಗ್ಗೆ ಆ ಮಕ್ಕಳು ದೊಡ್ಡವರೊಡನೆ ಹುಡುಕಿ ಬರುವುದು. ಅವರದ್ದು ಐದು ಜಾಗ, ಇವರದ್ದು ಐದು. ಒಂದು ತರಗತಿಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ನೂರು ಹೆಸರು ಹಾಳೆಗೆ ಬಂದವು. ಖಾಸಗಿ ಜಾಗವಾದರೆ ಒಡೆಯರ ಒಪ್ಪಿಗೆ ಮೊದಲೇ ಕೇಳಿರಬೇಕು.

ಸುಳಿವು ಬರೆಯುವ ಕ್ರಮವೊಂದಿದೆ. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಅದೇ ಆದೀತು. ಜಿಯೋಕ್ಯಾಶಿಂಗಿನಲ್ಲಿ ಸುಳಿವನ್ನು ನೇರವಾಗಿ ಬರೆಯುವುದಿಲ್ಲ. ಇಂಗ್ಲಿಷಿನ 26 ಅಕ್ಷರಗಳನ್ನು ಹದಿಮೂರರ ಎರಡು ಸಾಲು ಮಾಡಿ, ಮೇಲಿನದರ ಬದಲು ಕೆಳಗಿನದು, ಕೆಳಗಿನದರ ಬದಲು ಮೇಲಿನದು ಬರೆಯುತ್ತಾರೆ. ಒಮ್ಮೆ ತಿರುಗಿಸಿದರೆ ಗುಟ್ಟು, ಮತ್ತೊಮ್ಮೆ ತಿರುಗಿಸಿದರೆ ರಟ್ಟು. ಇಂಥ ಗೂಢಬರಹ ಭಾರತಕ್ಕೆ ಹೊಸತಲ್ಲ, ಪ್ರಾಚೀನರ 64 ಕಲೆಗಳ ಪಟ್ಟಿಯಲ್ಲಿ 'ಮ್ಲೇಚ್ಛಿತವಿಕಲ್ಪ' ಎಂಬುದು ಇದೇ. ಕನ್ನಡದ ವರ್ಣಮಾಲೆ ಬಾಯಿಯೊಳಗಿನ ಸ್ಥಾನಕ್ಕೆ ಅನುಗುಣವಾಗಿ ಸಾಲುಗೂಡಿರುವುದರಿಂದ ಕೆಲಸ ಇನ್ನೂ ಸುಲಭ. ಕವರ್ಗದ ಮೊದಲ ನಾಲ್ಕು ಅಕ್ಷರಗಳಿಗೆ ಪವರ್ಗದ ನಾಲ್ಕನ್ನು, ಚವರ್ಗದ ನಾಲ್ಕಕ್ಕೆ ತವರ್ಗದ ನಾಲ್ಕನ್ನು ಅದಲುಬದಲು ಮಾಡುವುದು. ಟವರ್ಗ, ಅನುನಾಸಿಕ, ಸ್ವರಗಳು ಇದ್ದಲ್ಲೇ ಇರಲಿ. ಆಗ 'ಕಲ್ಲಿನ ಕೆಳಗೆ' ಎಂಬುದು 'ಪಲ್ಲಿನ ಪೆಳಬೆ' ಆಗುತ್ತದೆ. 'ಮರದ ಬುಡ' ಎಂಬುದು 'ಮರಜ ಗುಡ'. ತುಳು ಬಲ್ಲ ಮನೆಗಳಲ್ಲಿ ಮೊದಲನೆಯದನ್ನು ಓದಿ ಹಲ್ಲಿಯನ್ನು ಹುಡುಕಲು ಹೊರಟರೂ ಹೊರಟಾರು.

ಮಳೆ ಬಿಟ್ಟು, ದಾರಿಯ ಜಾರು ಒಣಗಿ, ಹುಲ್ಲು ಇನ್ನೂ ಹಸುರಾಗಿರುವ ದಿನಗಳು ಇದಕ್ಕೆ ತಕ್ಕವು. ಕಾಲಿಗೆ ಮುಚ್ಚಿದ ಪಾದರಕ್ಷೆ, ಕೈಯಲ್ಲಿ ಪೊದೆ ಸರಿಸಲು ಒಂದು ಕೋಲು, ಜತೆಗೆ ಜಾಗ ಬಲ್ಲ ಹಿರಿಯರೊಬ್ಬರು ಇರಬೇಕು. ಹೊರಡುವ ಮುನ್ನ ಮೊಬೈಲಿನ ಬ್ಯಾಟರಿ ನೋಡಿಕೊಳ್ಳುವುದು. ಬರೆಯಲು ಪೆನ್ನಿಗಿಂತ ಪೆನ್ಸಿಲು ಮೇಲು. ಇಬ್ಬನಿ ತಾಗಿದ ಕಾಗದದ ಮೇಲೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲಿನ ಗೆರೆ ಹಾಗೆಯೇ ನಿಲ್ಲುತ್ತದೆ.